ಪ್ರಮಾಣವೂ ಶ್ರದ್ಧೆಯೂ

ಬೆಟ್ಟದ ಮೇಲೆ ಹೊಗೆಯನ್ನು ಕಂಡು ಅಲ್ಲಿ ಬೆಂಕಿಯಿದೆಯೆಂದು ನಿಶ್ಚಯಿಸುವ ನೈಯಾಯಿಕನು, ತಾನು ಹೊಗೆಯೆಂದು ಬಗೆದುದು ಬರಿಯ ಮಂಜೆಂದು ಹತ್ತಿರ ಹೋದಾಗ ತಿಳಿದುಬಂದರೆ, ಆ ನಿಶ್ಚಯವನ್ನು ಅಲ್ಲಿಯೇ ಬಿಟ್ಟುಕೊಡಲು ಬದ್ಧನಾಗಿರುತ್ತಾನೆ. ಪ್ರಮಾಣಮೂಲವಾದ ನಂಬಿಕೆಯ ಘನತೆಯೆಲ್ಲ ಈ ಸಿದ್ಧತೆಯಲ್ಲಿಯೇ ಇದೆ. ಶ್ರದ್ಧೆಯ ನಡೆ ಬೇರೆ. ಮಗುವನ್ನು ಕಳೆದುಕೊಂಡು, ಸೂತಕ ಕಳೆದ ಸಂಜೆ ಬತ್ತಿ ಹೊಸೆದು, ನಡುಗುವ ಕೈಯಿಂದ ಮತ್ತೆ ದೇವರ ಮುಂದೆ ದೀಪ ಹಚ್ಚುವ ತಾಯಿಯು ಯಾವ ಸಿದ್ಧಾಂತವನ್ನೂ ಪರೀಕ್ಷೆಗೆ ಒಡ್ಡಿದವಳಲ್ಲ. ಆಕೆ ಒಮ್ಮೆ ಇಟ್ಟ ಭರವಸೆಯನ್ನು ದುಃಖದಲ್ಲಿಯೂ ಹಿಂತೆಗೆಯಲಾರದವಳು. ಇದನ್ನು ಅಜ್ಞಾನವೆನ್ನಲು ನನಗೆ ಮನಸ್ಸೊಪ್ಪದು. ಆದರೂ ಶ್ರದ್ಧೆಗೊಂದು ಎಲ್ಲೆಯುಂಟು. ಶ್ರುತಿಯನ್ನೇ ಪರಮಪ್ರಮಾಣವೆಂದು ಕೊಂಡಾಡಿದ ಶಂಕರಾಚಾರ್ಯರೇ, ನೂರು ಶ್ರುತಿಗಳು ಕೂಡಿ ಬೆಂಕಿಯು ತಣ್ಣಗಿದೆಯೆಂದರೂ ಆ ಮಾತಿಗೆ ಪ್ರಾಮಾಣ್ಯವಿಲ್ಲವೆಂದು ಗೀತಾಭಾಷ್ಯದ ಕೊನೆಯ ಅಧ್ಯಾಯದಲ್ಲಿ ಬರೆದು, ಪ್ರತ್ಯಕ್ಷಕ್ಕೆ ಎಟುಕುವುದನ್ನು ಪ್ರತ್ಯಕ್ಷಕ್ಕೇ ಬಿಟ್ಟುಕೊಟ್ಟರು.