ನಿತ್ಯಕ್ಕೊಂದು, ನಿಮಿತ್ತಕ್ಕೊಂದು

ಕಾಶಿಗೆ ನಲ್ಲಿ ನೀರು ಬಂದದ್ದು ಭೇಲೂಪುರದಿಂದ. 1892ರಿಂದಲೂ ಇಲ್ಲಿಯ ವಾಟರ್ ವರ್ಕ್ಸ್ ಊರಿಗೆ ನೀರುಣಿಸುತ್ತಿದೆ. ಪಕ್ಕದ ಭದೈನಿಯಲ್ಲಿ ಗಂಗೆಯಿಂದ ಎತ್ತಿದ ನೀರು ಇಲ್ಲಿಗೆ ಬಂದು, ಪಟಿಕದಿಂದ ಕೆಸರು ಕಳೆದುಕೊಂಡು, ಸೋಸಿಸಿಕೊಂಡು, ಕ್ಲೋರಿನ್ ಬೆರೆಸಿಕೊಂಡು ಮನೆಮನೆಗೆ ಹೊರಡುತ್ತದೆ. ಇದೇ ಭೇಲೂಪುರದಲ್ಲಿ 23ನೆಯ ತೀರ್ಥಂಕರ ಪಾರ್ಶ್ವನಾಥ ಹುಟ್ಟಿದನೆಂದು ಜೈನರು ನಂಬುವ ಜಾಗವಿದೆ, ಮಂದಿರಗಳಿವೆ. ಹುಂಚ, ಶ್ರವಣಬೆಳಗೊಳದ ಕಡೆಯಿಂದ ಉತ್ತರದ ಯಾತ್ರೆಗೆ ಹೊರಟವರು ಇಲ್ಲಿ ಕೈಮುಗಿಯದೆ ಹೋಗುವುದಿಲ್ಲ. ಇಲ್ಲಿಂದ ಹೊಳೆಯ ಕಡೆಗೆ ನಡೆದರೆ ಹನುಮಾನ್ ಘಾಟ್, ಕರ್ನಾಟಕ ಘಾಟ್, ಕೇದಾರ ಘಾಟ್. ಕನ್ನಡ, ತೆಲುಗು, ತಮಿಳು ಮೂರೂ ಕಿವಿಗೆ ಬೀಳುವ ಓಣಿಗಳು ಅವು.

ಆ ಓಣಿಗಳಲ್ಲಿ ಇಳಿದುಕೊಂಡ ಹೆಣ್ಣುಮಕ್ಕಳ ಬಾಯಲ್ಲಿ ಒಂದು ದೂರು ಬೇಗ ಬರುತ್ತದೆ: ಇಲ್ಲಿಯ ನೀರಿಗೆ ಕೂದಲು ನಾರಾಯಿತು. ಕೊಳವೆಬಾವಿಯ ನೀರು ಬರುವ ಕಡೆ ದೂರಿಗೆ ಕಾರಣವೂ ಇದೆ. ಗಂಗೆಯ ಬಯಲಿನ ಮೆಕ್ಕಲು ಮಣ್ಣಿನ ತುಂಬ ಸುಣ್ಣದ ಗಂಟುಗಳು. ಅಲ್ಲಿಯವರು ಅವನ್ನು ಕಂಕರ್ ಎನ್ನುತ್ತಾರೆ. ಅಂತರ್ಜಲ ಆ ಸುಣ್ಣವನ್ನು ಕರಗಿಸಿಕೊಂಡೇ ಮೇಲೆ ಬರುತ್ತದೆ. ಪಟಿಕ ಹಾಕಿದರೆ ಕೆಸರು ತಳಕ್ಕೆ ಕೂರುತ್ತದೆ, ಕರಗಿದ ಸುಣ್ಣ ನೀರಿನಲ್ಲೇ ಉಳಿಯುತ್ತದೆ. ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಮೀರದಿದ್ದರೆ ಒಳ್ಳೆಯದೆಂದು ಭಾರತೀಯ ಮಾನಕ ಹೇಳುತ್ತದೆ. ಕೋಲಾರದ, ಬೆಂಗಳೂರಿನ ಹೊರವಲಯದ ಕೊಳವೆಬಾವಿ ನೀರಿನಲ್ಲಿ ಮಿಂದವರಿಗೆ ಈ ಕಥೆ ಹೊಸದೇನಲ್ಲ. ಬಕೆಟ್ಟಿನ ಅಂಚಿಗೆ, ಗೀಸರಿನ ಹೊಟ್ಟೆಯೊಳಗೆ ಕಟ್ಟುವ ಬಿಳಿ ಪದರದ ಅಲ್ಪಾಂಶ ತಲೆಗೂದಲಿಗೂ ಸೇರುತ್ತದೆ.

ದೂರು ಹೊತ್ತು ಅಂಗಡಿಗೆ ಹೋದರೆ ಅಲ್ಲಿ ಇನ್ನೊಂದು ಗೊಂದಲ. ಒಂದೇ ಕಂಪನಿಯ ಎರಡು ಟ್ಯೂಬುಗಳು ಅಕ್ಕಪಕ್ಕ ನಿಂತಿರುತ್ತವೆ. ಒಂದರ ಮೇಲೆ ಬರೀ ಕಂಡೀಷನರ್ ಎಂದಿದೆ. ಇನ್ನೊಂದರ ಮೇಲೆ ಡೀಪ್ ಕಂಡೀಷನರ್ ಎಂದೋ ಹೇರ್ ಮಾಸ್ಕ್ ಎಂದೋ ಇದೆ, ಬೆಲೆಯೂ ಜಾಸ್ತಿ. ಆಳಕ್ಕೆ ಇಳಿಯುವುದು ಮೇಲೆ ಸವರುವುದಕ್ಕಿಂತ ಒಳ್ಳೆಯದೇ ಇರಬೇಕಲ್ಲ ಎಂದು ಕೈ ತಾನಾಗಿ ಎರಡನೆಯದರ ಕಡೆ ಹೋಗುತ್ತದೆ. ಹೋಗಬೇಕೇ?

ಕೂದಲಿನ ಕಟ್ಟಡವನ್ನು ಮೊದಲು ನೋಡೋಣ. ಪ್ರತಿ ಎಳೆಯ ಹೊರಮೈಯನ್ನು ಚಪ್ಪಟೆ ಹುರುಪೆಗಳು ಒಂದರ ಮೇಲೊಂದು, ಮಂಗಳೂರು ಹಂಚು ಹೊದಿಸಿದಂತೆ, ಬುಡದಿಂದ ತುದಿಯ ಕಡೆಗೆ ಇಳಿಜಾರಾಗಿ ಮುಚ್ಚಿರುತ್ತವೆ. ಅವುಗಳ ಮೇಲೆ ಹುಟ್ಟಿನಿಂದಲೇ ಬಂದ ತೆಳ್ಳನೆಯ ಕೊಬ್ಬಿನ ಲೇಪ. ಒಳಗೆ ಕೆರಾಟಿನ್ ಎಂಬ ಪ್ರೋಟೀನಿನ ನಾರುಗಳ ಕಂತೆ. ಹುರುಪೆ ಮುಚ್ಚಿದ್ದರೆ ಕೂದಲು ಮಿನುಗುತ್ತದೆ, ಬಾಚಣಿಗೆ ಜಾರುತ್ತದೆ. ಹುರುಪೆ ಎದ್ದರೆ ಎಳೆಗೆ ಎಳೆ ಸಿಕ್ಕಿಕೊಂಡು ಗಂಟಾಗುತ್ತದೆ. ನೆನೆದ ಕೂದಲು ನೀರು ಹೀರಿ ಸುಮಾರು ಶೇ 15ರಷ್ಟು ದಪ್ಪವಾಗುತ್ತದೆ, ಒಣಗಿದಾಗ ಕುಗ್ಗುತ್ತದೆ. ವರ್ಷಗಟ್ಟಲೆ ನಡೆಯುವ ಈ ಉಬ್ಬು–ಕುಗ್ಗಿನಲ್ಲೇ ಒಂದಿಷ್ಟು ಸವೆತವಿದೆ. ಅದರ ಮೇಲೆ ಬಿಸಿಲು, ಬಾಚಣಿಗೆ, ಸೋಪಿನ ಕ್ಷಾರ, ಡ್ರೈಯರಿನ ಶಾಖ, ಬ್ಲೀಚು. ಬ್ಲೀಚಿನ ಪೆರಾಕ್ಸೈಡಂತೂ ಹುಟ್ಟುಲೇಪವನ್ನೇ ಕಿತ್ತುಹಾಕುತ್ತದೆ.

ಸವೆದ ಕೂದಲಿನ ಮೇಲೆ ಋಣ ವಿದ್ಯುದಂಶ ಹೆಚ್ಚು. ಕಂಡೀಷನರಿನಲ್ಲಿರುವ ಮುಖ್ಯ ಪದಾರ್ಥಗಳ ತಲೆಯಲ್ಲಿ ಧನ ವಿದ್ಯುದಂಶ, ಬಾಲದಲ್ಲಿ ಕೊಬ್ಬು. ತಲೆ ಕೂದಲಿಗೆ ಅಂಟುತ್ತದೆ, ಬಾಲ ಹೊರಗೆ ಚಾಚಿ ಕಳೆದುಹೋದ ಲೇಪದ ಕೆಲಸವನ್ನು ತಾತ್ಕಾಲಿಕವಾಗಿ ಮಾಡುತ್ತದೆ. ಎಲ್ಲಿ ಸವೆತ ಹೆಚ್ಚೋ ಅಲ್ಲಿ ವಿದ್ಯುದಂಶ ಹೆಚ್ಚು, ಅಲ್ಲಿಗೇ ಲೇಪವೂ ಹೆಚ್ಚು ಹೋಗಿ ಸೇರುತ್ತದೆ. ಗಾಯ ಎಲ್ಲಿದೆಯೆಂದು ನಾವು ತೋರಿಸಿಕೊಡಬೇಕಾಗಿಲ್ಲ. ಇದಕ್ಕೆಲ್ಲ ಒಂದರಿಂದ ಮೂರು ನಿಮಿಷ ಸಾಕು. ಆಮೇಲೆ ತೊಳೆದರೂ ತೆಳುವಾದೊಂದು ಪದರ ಉಳಿದು, ಮುಂದಿನ ಶಾಂಪೂವಿನವರೆಗೆ ಬಾಚಣಿಗೆಯ ಏಟನ್ನು ತಡೆಯುತ್ತದೆ.

ಹಾಗಾದರೆ ಡೀಪ್ ಎಂದರೇನು? ಎರಡೂ ಟ್ಯೂಬುಗಳನ್ನು ತಿರುಗಿಸಿ ಹಿಂಬದಿಯನ್ನು ಓದಿದರೆ ಅರ್ಧ ಉತ್ತರ ಸಿಗುತ್ತದೆ. 2020ರ ಪ್ರಸಾಧನ ಸಾಮಗ್ರಿ ನಿಯಮಗಳ ಪ್ರಕಾರ, ಶೇ 1ಕ್ಕಿಂತ ಹೆಚ್ಚಿರುವ ಪದಾರ್ಥಗಳನ್ನು ಪ್ರಮಾಣದ ಇಳಿಕೆಯ ಕ್ರಮದಲ್ಲಿಯೇ ಮುದ್ರಿಸಬೇಕು. ಸಾಮಾನ್ಯವಾಗಿ ಎರಡರಲ್ಲೂ ಮೊದಲು ನೀರು, ಆಮೇಲೆ ಸೀಟಿಯರಿಲ್ ಆಲ್ಕೋಹಾಲಿನಂಥ ಮೇಣದ ಜಾತಿಯ ಕೊಬ್ಬು, ಆಮೇಲೆ ಬೆಹೆನ್‌ಟ್ರೈಮೋನಿಯಂ ಕ್ಲೋರೈಡಿನಂಥ ಧನ ವಿದ್ಯುದಂಶದ ಪದಾರ್ಥ, ಸಿಲಿಕೋನು. ಮನೆತನ ಒಂದೇ. ಡೀಪ್ ಎಂದು ಕರೆಸಿಕೊಂಡದ್ದರಲ್ಲಿ ಕೊಬ್ಬಿನ ಪಾಲು ಹೆಚ್ಚು, ಮಿಶ್ರಣ ಮಂದ. ಎಣ್ಣೆಗಳು, ಸಣ್ಣದಾಗಿ ಒಡೆದ ಪ್ರೋಟೀನುಗಳು ಕೆಲವೊಮ್ಮೆ ಸೇರಿರುತ್ತವೆ. ಹತ್ತರಿಂದ ಮೂವತ್ತು ನಿಮಿಷ ತಲೆಯಲ್ಲಿ ಬಿಡಬೇಕೆಂಬ ಸೂಚನೆಯಿರುತ್ತದೆ. ಸಣ್ಣ ಅಣುಗಳಲ್ಲಿ ಕೆಲವು ಆ ಹೊತ್ತಿನಲ್ಲಿ ಹುರುಪೆಯ ಸಂದಿಗಳಿಂದ ಸ್ವಲ್ಪ ಒಳಗೆ ಹೋಗುತ್ತವೆ. ದೊಡ್ಡವು ಮೇಲೆಯೇ ದಪ್ಪಗೆ ಕೂರುತ್ತವೆ. ಅಂದರೆ ಆಳ ಎಂಬುದರಲ್ಲಿ ಹೆಚ್ಚಿನ ಪಾಲು ಪ್ರಮಾಣ ಮತ್ತು ಸಮಯ, ಇಳಿಯುವಿಕೆ ಅಲ್ಪ.

ಉಳಿದರ್ಧ ಉತ್ತರಕ್ಕೆ ಕಾಶಿಯ ಪಂಡಿತರ ಜಗುಲಿಯೇ ಸರಿ. ಶಾಸ್ತ್ರ ಕರ್ಮಗಳನ್ನು ವಿಂಗಡಿಸುವಾಗ ನಿತ್ಯ, ನೈಮಿತ್ತಿಕ ಎನ್ನುತ್ತದೆ. ಸಂಧ್ಯಾವಂದನೆ ನಿತ್ಯ. ಮಾಡಿದರೆ ವಿಶೇಷ ಫಲವೇನೂ ಇಲ್ಲ, ಬಿಟ್ಟರೆ ದೋಷವಿದೆ. ಗ್ರಹಣಸ್ನಾನ ನೈಮಿತ್ತಿಕ. ಗ್ರಹಣವೆಂಬ ನಿಮಿತ್ತ ಒದಗಿದಾಗ ಮಾಡಲೇಬೇಕು. ಗ್ರಹಣವೇ ಇಲ್ಲದ ದಿನ ದಶಾಶ್ವಮೇಧದಲ್ಲಿ ಎಷ್ಟೇ ಭಕ್ತಿಯಿಂದ ಮುಳುಗಿದರೂ ಅದು ಗ್ರಹಣಸ್ನಾನವಾಗುವುದಿಲ್ಲ, ಇನ್ನೊಂದು ಸ್ನಾನವಾಗುತ್ತದೆ ಅಷ್ಟೆ.

ಎರಡು ಟ್ಯೂಬುಗಳ ನಡುವೆ ಇರುವುದೂ ಇದೇ ಭೇದ. ಸಾಧಾರಣ ಕಂಡೀಷನರ್ ನಿತ್ಯ. ಹಚ್ಚಿದ ದಿನ ಯಾರೂ ಬಂದು ಹೊಗಳುವುದಿಲ್ಲ. ಪ್ರತಿ ಶಾಂಪೂವಿನ ನಂತರ ಅದನ್ನು ಬಿಡುತ್ತ ಹೋದರೆ ಆರು ತಿಂಗಳಿಗೆ ಬಾಚಣಿಗೆಯೇ ಲೆಕ್ಕ ಹೇಳುತ್ತದೆ. ಡೀಪ್ ಕಂಡೀಷನರ್ ನೈಮಿತ್ತಿಕ. ಬ್ಲೀಚು, ಗಾಢ ಬಣ್ಣ, ಸ್ಟ್ರೇಟನಿಂಗು, ಈಜುಕೊಳದ ಕ್ಲೋರಿನ್, ವರ್ಷಗಟ್ಟಲೆ ಗಡಸು ನೀರು, ಹುಟ್ಟಾ ಒರಟಾದ ಗುಂಗುರು: ಇಂಥ ನಿಮಿತ್ತವಿದ್ದರೆ ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ ಅದು ನಿಜವಾಗಿಯೂ ಉಪಕಾರಿ. ನಿಮಿತ್ತವಿಲ್ಲದ ಆರೋಗ್ಯವಂತ ಕೂದಲಿಗೆ ಅಂಟಿಕೊಳ್ಳಲು ಜಾಗವೇ ಕಡಿಮೆ. ಹಚ್ಚಿದ್ದರಲ್ಲಿ ಬಹುಪಾಲು ಚರಂಡಿಗೆ ಹೋಗುತ್ತದೆ, ಉಳಿದದ್ದು ತೆಳುಗೂದಲನ್ನು ಜೋತುಬೀಳಿಸುತ್ತದೆ. ಮೂವತ್ತು ನಿಮಿಷದ್ದನ್ನು ರಾತ್ರಿಯಿಡೀ ಬಿಟ್ಟರೆ ಲಾಭ ಅದೇ ಲೆಕ್ಕದಲ್ಲಿ ಏರುವುದೂ ಇಲ್ಲ.

ಈ ವಿಂಗಡಣೆ ನಮ್ಮ ಬಚ್ಚಲುಮನೆಗಳಿಗೆ ಟ್ಯೂಬುಗಳಿಗಿಂತ ಮೊದಲೇ ಗೊತ್ತಿತ್ತು. ಸಾಗರ, ಸಿರ್ಸಿಯ ಕಡೆ ಮತ್ತಿ ಸೊಪ್ಪನ್ನೋ ದಾಸವಾಳದ ಎಲೆಯನ್ನೋ ನೀರಿನಲ್ಲಿ ಕಿವುಚಿ ತೆಗೆಯುವ ಗೊಂಪು ನಿತ್ಯದ ಬಾಬತ್ತು. ಅದರ ಲೋಳೆ ಎಳೆಗಳ ಮೇಲೆ ಹರಡಿ ಸಿಕ್ಕು ಬಿಡಿಸುತ್ತದೆ. ಸೀಗೆಪುಡಿ ಸೋಪಿನಂತೆ ಕ್ಷಾರವಲ್ಲ, ತುಸು ಹುಳಿ. ಹುರುಪೆಯನ್ನು ಅಷ್ಟಾಗಿ ಎಬ್ಬಿಸುವುದಿಲ್ಲ. ಗಡಸು ನೀರಿನಲ್ಲಿ ಸೋಪಿನ ಹಾಗೆ ಜಿಗುಟು ಗಸಿ ಕಟ್ಟುವುದೂ ಇಲ್ಲ. ನೈಮಿತ್ತಿಕವೆಂದರೆ ಎಣ್ಣೆಸ್ನಾನ. ದೀಪಾವಳಿಗೆ ನೀರು ತುಂಬಿ, ಮರುದಿನ ನಸುಕಿನಲ್ಲಿ ನೆತ್ತಿಗೆ ಎಣ್ಣೆ ತಟ್ಟಿ ಹೊತ್ತು ಕಳೆದು ಮೀಯುವುದು, ಬಾಣಂತಿಗೆ, ಬೇಸಗೆಯಲ್ಲಿ ಕೆಲಸ ಮಾಡಿ ಬಂದವರಿಗೆ ಬೇರೆ ಬೇರೆ ಲೆಕ್ಕ. ಇಲ್ಲಿ ಆಳ ಎಂಬ ಮಾತಿಗೆ ಪುರಾವೆಯೂ ಇದೆ. ಮುಂಬಯಿಯ ಸಂಶೋಧಕರಾದ ಆರತಿ ರೇಲೆ ಮತ್ತು ಆರ್. ಬಿ. ಮೊಹಿಲೆ 2003ರಲ್ಲಿ ತೆಂಗಿನೆಣ್ಣೆ, ಸೂರ್ಯಕಾಂತಿ ಎಣ್ಣೆ, ಖನಿಜ ತೈಲ ಮೂರನ್ನೂ ಕೂದಲಿಗೆ ಹಚ್ಚಿ ಪರೀಕ್ಷಿಸಿದ ವರದಿ ಪ್ರಕಟಿಸಿದರು. ಕೂದಲಿನ ಪ್ರೋಟೀನು ತೊಳೆದುಹೋಗುವುದನ್ನು ಗಮನಾರ್ಹವಾಗಿ ತಗ್ಗಿಸಿದ್ದು ತೆಂಗಿನೆಣ್ಣೆ ಮಾತ್ರ. ಅದರ ಲಾರಿಕ್ ಆಮ್ಲದ ಸರಪಳಿ ಗಿಡ್ಡ, ನೇರ, ಆದ್ದರಿಂದ ಒಳಗೆ ನುಸುಳುತ್ತದೆ ಎಂಬುದು ಅವರ ವಿವರಣೆ. ಭೇಲೂಪುರದ ಮನೆಗಳ ಸಾಸಿವೆ ಎಣ್ಣೆ ಆ ಪಂದ್ಯದಲ್ಲಿರಲಿಲ್ಲ. ಗಮನಿಸಬೇಕಾದ ಸಂಗತಿ, ಎಣ್ಣೆಯನ್ನು ತೊಳೆಯುವ ಮೊದಲು ಹಚ್ಚಿದರೆ ಒಳಗೆ ನುಗ್ಗುವ ನೀರು ಕಡಿಮೆಯಾಗಿ ಉಬ್ಬು–ಕುಗ್ಗೂ ತಗ್ಗುತ್ತದೆ. ಕಂಡೀಷನರ್ ತೊಳೆದ ಮೇಲಿನ ರಕ್ಷೆ, ಎಣ್ಣೆ ತೊಳೆಯುವ ಮುಂಚಿನ ರಕ್ಷೆ.

ಇಷ್ಟಾದರೂ ಎರಡಕ್ಕೂ ಒಂದು ಗಡಿಯಿದೆ, ಅದನ್ನು ಜಾಹೀರಾತು ಹೇಳುವುದಿಲ್ಲ. ಚರ್ಮದಿಂದ ಹೊರಬಂದ ಕೂದಲಿಗೆ ಜೀವವಿಲ್ಲ. ಜೀವವಿಲ್ಲದ್ದು ತನ್ನ ಗಾಯವನ್ನು ತಾನು ಮಾಯಿಸಿಕೊಳ್ಳದು. ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುವ ಲೆಕ್ಕದಲ್ಲಿ, ಸೊಂಟ ಮುಟ್ಟುವ 70 ಸೆಂಟಿಮೀಟರ್ ಜಡೆಯ ತುದಿಗೆ ಆರು ವರ್ಷ ಸಮೀಪಿಸಿರುತ್ತದೆ. ಅಷ್ಟೂ ವರ್ಷದ ನೀರು, ಬಿಸಿಲು, ಬಾಚಣಿಗೆ ಅದರ ಮೇಲೆ ಹಾದುಹೋಗಿವೆ. ಅದಕ್ಕೇ ಕಂಡೀಷನರನ್ನು ನೆತ್ತಿಗೆ ತಿಕ್ಕದೆ ನಡುವಿನಿಂದ ತುದಿಗೆ ಹಚ್ಚಬೇಕು. ನೆತ್ತಿಯ ಬಳಿಯದು ಹೊಸ ಕೂದಲು, ಅದಕ್ಕೆ ಅಲ್ಲಿಯದೇ ಜಿಡ್ಡಿದೆ. ತುದಿ ಸೀಳಿದರೆ ಯಾವ ಮಾಸ್ಕೂ ಅದನ್ನು ಕೆಲವು ದಿನ ಅಂಟಿಸಿ ಇಡಬಲ್ಲದೇ ಹೊರತು ಕೂಡಿಸಲಾರದು. ಕತ್ತರಿಸುವುದೇ ಮದ್ದು. ಕಾಶಿಯಾತ್ರೆಯ ನಮ್ಮ ದಂಪತಿಗಳು ಪ್ರಯಾಗದಲ್ಲಿ ವೇಣೀದಾನ ಮಾಡುತ್ತಾರಲ್ಲ, ಗಂಡ ಹೆಂಡತಿಯ ತಲೆ ಬಾಚಿ, ಜಡೆ ಹೆಣೆದು, ತುದಿಯನ್ನಷ್ಟು ಕತ್ತರಿಸಿ ಸಂಗಮಕ್ಕೆ ಬಿಡುತ್ತಾನೆ. ಪುಣ್ಯದ ಲೆಕ್ಕ ಏನೇ ಇರಲಿ, ಕೊಡುವುದು ಜಡೆಯ ಅತಿ ಹಳೆಯ ಭಾಗವನ್ನು. ಹೊಸದಾಗಿ ಮದುವೆಯಾದವರಾದರೆ ಆ ತುದಿ ಮದುವೆಗಿಂತ ಹಿರಿದು.

ಈ ಜಂಜಡವೇ ಬೇಡ ಎಂದವರ ನೆಲವೂ ಭೇಲೂಪುರವೇ. ರಾಜ ಅಶ್ವಸೇನ, ವಾಮಾದೇವಿಯರ ಮಗ ಪಾರ್ಶ್ವ ಮೂವತ್ತನೆಯ ವಯಸ್ಸಿನಲ್ಲಿ ಮನೆ ಬಿಟ್ಟನೆಂದು ಪರಂಪರೆ ಹೇಳುತ್ತದೆ. ದೀಕ್ಷೆಯೆಂದರೆ ಕೇಶಲೋಚ, ಕೂದಲನ್ನು ಐದು ಹಿಡಿಯಲ್ಲಿ ಕೈಯಾರೆ ಕಿತ್ತುಹಾಕುವುದು. ಕ್ಷೌರಿಕನ ಹಂಗಿಲ್ಲ, ಕತ್ತಿ ಇಟ್ಟುಕೊಳ್ಳುವ ಪರಿಗ್ರಹವಿಲ್ಲ, ತಲೆಯಲ್ಲಿ ಹೇನು ಹುಟ್ಟಿ ಸಾಯುವ ಹಿಂಸೆಯಿಲ್ಲ. ಆದರೆ ಒಮ್ಮೆ ಕಿತ್ತರೆ ಮುಗಿಯಲಿಲ್ಲ, ಕೂದಲು ಮತ್ತೆ ಬರುತ್ತದೆ. ದಿಗಂಬರ ಮುನಿಗಳ 28 ಮೂಲಗುಣಗಳಲ್ಲಿ ಲೋಚವೂ ಒಂದು. ಎರಡು ತಿಂಗಳಿಗೊಮ್ಮೆಯಾದರೆ ಉತ್ತಮ, ಮೂರಕ್ಕೆ ಮಧ್ಯಮ, ನಾಲ್ಕು ಮೀರುವಂತಿಲ್ಲ. ಕೂದಲನ್ನು ತೊರೆದವರಿಗೂ ಕೂದಲಿನ ಪಾಳಿ ತಪ್ಪಲಿಲ್ಲ. ಒಂದು ದಿನದ ದೊಡ್ಡ ವೈರಾಗ್ಯವನ್ನು ನಂಬದೆ ಅವರು ತಿಂಗಳುಗಳ ನಿಯಮವನ್ನು ನಂಬಿದರು.

ನಮಗೆ ನೈಮಿತ್ತಿಕದ ಮೇಲೆ ಮೋಹ ಹೆಚ್ಚು. ಅದಕ್ಕೆ ಸಂಭ್ರಮವಿದೆ, ಹೆಸರಿದೆ, ಬೆಲೆಯಿದೆ. ವರ್ಷವಿಡೀ ಊಟಕ್ಕೆ ಹೊತ್ತುಗೊತ್ತಿಲ್ಲದವರು ವಾರದ ಪ್ರಕೃತಿ ಚಿಕಿತ್ಸೆಗೆ ಹೆಸರು ಬರೆಸುತ್ತಾರೆ. ದಿನವೂ ಎರಡು ಮಾತಾಡದ ಅಪ್ಪ ಮಕ್ಕಳನ್ನು ರಜೆಯಲ್ಲಿ ದೂರದೂರಿಗೆ ಕರೆದೊಯ್ಯುತ್ತಾನೆ. ದೊಡ್ಡ ಉಪಚಾರ ಸಣ್ಣ ರೂಢಿಯ ಬಾಕಿಯನ್ನು ತೀರಿಸೀತೆಂಬ ಆಸೆ ಅದರಲ್ಲಿದೆ. ಆದರೆ ಅದು ಇನ್ನೂ ಉಳಿದದ್ದನ್ನು ಮಾತ್ರ ಕಾಪಾಡಬಲ್ಲದು, ಸವೆದು ಹೋದದ್ದನ್ನು ತಂದುಕೊಡದು.

ಆದ್ದರಿಂದ ಅಂಗಡಿಯಲ್ಲಿ ನಿಂತಾಗ ಕೇಳಿಕೊಳ್ಳಬೇಕಾದದ್ದು ಯಾವುದು ಉತ್ತಮ ಎಂದಲ್ಲ, ನನಗೆ ನಿಮಿತ್ತವಿದೆಯೇ ಎಂದು. ಇದ್ದರೆ ಹದಿನೈದು ದಿನಕ್ಕೊಮ್ಮೆ ಅರ್ಧ ಗಂಟೆ ಕೊಡೋಣ, ದುಡ್ಡೂ ಕೊಡೋಣ. ಇಲ್ಲದಿದ್ದರೆ ಕಡಿಮೆ ಬೆಲೆಯದೇ ಸಾಕು, ಎರಡು ನಿಮಿಷವೇ ಸಾಕು. ಆ ಎರಡು ನಿಮಿಷ ಮಾತ್ರ ತಪ್ಪಬಾರದು.