ಹುಟ್ಟಲಿರುವವರ ಋಣ

ಮನುಷ್ಯನು ದೇವಋಣ, ಋಷಿಋಣ, ಪಿತೃಋಣಗಳೆಂಬ ಮೂರು ಋಣಗಳನ್ನು ಹೊತ್ತೇ ಹುಟ್ಟುತ್ತಾನೆಂದೂ, ಯಜ್ಞ, ಸ್ವಾಧ್ಯಾಯ, ಸಂತಾನಗಳಿಂದ ಅವನ್ನು ಕ್ರಮವಾಗಿ ತೀರಿಸತಕ್ಕದ್ದೆಂದೂ ನಮ್ಮ ಪ್ರಾಚೀನರು ವಿಧಿಸಿದರು. ಈ ಗಣನೆಯಲ್ಲಿ ಋಣವೆಲ್ಲವೂ ಹಿಂದಿನಿಂದ ಬಂದುದು. ಮುಂದೆ ಹುಟ್ಟುವವರ ತಲೆಯ ಮೇಲೆ ನಾವು ಹೊರಿಸಿಹೋಗಬಹುದಾದ ಭಾರದ ಮಾತು ಅಲ್ಲಿಲ್ಲ. ಅಷ್ಟು ದೂರ ಕೈಚಾಚುವ ಸಾಮರ್ಥ್ಯವೇ ಅಂದಿನ ಮನುಷ್ಯನಿಗೆ ಇರಲಿಲ್ಲವಾದ್ದರಿಂದ ಇದನ್ನು ಲೋಪವೆನ್ನಲಾಗದು. ಪರಮಾಣುವನ್ನು ಭೇದಿಸಿದ ನಮಗೆ ಆ ಸಾಮರ್ಥ್ಯ ಒದಗಿದೆ. ಆದಕಾರಣ ಧರ್ಮದ ಲೆಕ್ಕವೂ ವಿಸ್ತಾರಗೊಳ್ಳಬೇಕಾಗಿದೆ.

ಪರಮಾಣು ವಿದ್ಯುತ್ತಿನ ಪರವಾಗಿ ಹೇಳಲಾಗುವ ಸ್ವಾವಲಂಬನೆಯು ರಾಷ್ಟ್ರಕ್ಕೆ ಧರ್ಮವೇ ಸರಿ. 1969ರಲ್ಲಿ ವಿದ್ಯುತ್ತು ಕೊಡತೊಡಗಿದ ತಾರಾಪುರದ ಸ್ಥಾವರಗಳು ಅಮೆರಿಕದ ಇಂಧನವನ್ನೇ ನಂಬಿದ್ದವು. 1974ರ ಪೋಖ್ರಾನ್ ಅಣುಸ್ಫೋಟದ ತರುವಾಯ ಕೆನಡಾ ತನ್ನ ನೆರವನ್ನು ಹಿಂತೆಗೆದುಕೊಂಡಾಗ ರಾಜಸ್ಥಾನದ ಸ್ಥಾವರದ ಎರಡನೆಯ ಘಟಕವನ್ನು ನಮ್ಮ ಎಂಜಿನಿಯರುಗಳೇ ಪೂರೈಸಬೇಕಾಯಿತು. ಪರರ ಮನಸ್ಸು ಮುರಿದರೆ ತನ್ನ ಮನೆಯ ದೀಪವಾರುವ ಸ್ಥಿತಿ ಯಾವ ಗೃಹಸ್ಥನಿಗೂ ಗೌರವದ್ದಲ್ಲವೆಂಬುದನ್ನು ಆಗ ಕಲಿತ ನಾಡು, ಕಾಳಿ ನದಿಯ ದಡದ ಕೈಗಾದಲ್ಲಿ ತಲಾ 220 ಮೆಗಾವಾಟ್‌ಗಳ ನಾಲ್ಕು ಘಟಕಗಳನ್ನು ಸ್ವಂತ ವಿನ್ಯಾಸದಿಂದಲೇ ನಿಲ್ಲಿಸಿತು. ಅವುಗಳಲ್ಲಿ ಮೊದಲನೆಯದು 2018ರ ಕೊನೆಯ ದಿನದವರೆಗೆ 962 ದಿನಗಳ ಕಾಲ ಎಡೆಬಿಡದೆ ನಡೆದು ಆಗಿನ ವಿಶ್ವದಾಖಲೆಯನ್ನು ಮುರಿಯಿತು.

ಆದರೆ ಸ್ವಾವಲಂಬನೆ ತಂದ ಈ ಭದ್ರತೆ ಯಾರದು? ಸ್ಥಾವರದಲ್ಲಿ ಹುಟ್ಟುವ ಪ್ಲುಟೋನಿಯಂ-239 ಅರ್ಧಕ್ಕಿಳಿಯಲು ಸುಮಾರು 24,000 ವರ್ಷ ಬೇಕು. ಐದನೆಯ ಶತಮಾನದ್ದೆನ್ನಲಾಗುವ ಹಲ್ಮಿಡಿ ಶಾಸನವೇ ಇಂದು ವಿದ್ವಾಂಸರ ನೆರವಿಲ್ಲದೆ ನಮಗೆ ಅರ್ಥವಾಗದಿರುವಾಗ, ತ್ಯಾಜ್ಯವನ್ನು ಹೂತಿಟ್ಟ ಇಲ್ಲಿ ಅಗೆಯಬೇಡಿರೆಂಬ ಎಚ್ಚರಿಕೆಯನ್ನು ಅಷ್ಟು ದೂರದ ಸಂತತಿಗೆ ಯಾವ ಲಿಪಿಯಲ್ಲಿ ಬರೆದಿಡೋಣ? ಬೆಳಕನ್ನು ಅನುಭವಿಸಿದವರು ನಾವು, ಕಾವಲು ಕಾಯಬೇಕಾದವರು ಅವರು. ಒಪ್ಪಿಗೆ ಕೊಡಲು ಇನ್ನೂ ಹುಟ್ಟಿಯೇ ಇಲ್ಲದವರ ಹೆಸರಿನಲ್ಲಿ ಎತ್ತಿದ ಸಾಲವಿದು. ಶಿವರಾಮ ಕಾರಂತರು ಕೈಗಾ ಯೋಜನೆಯನ್ನು ವಿರೋಧಿಸಿದುದನ್ನು ಪ್ರಗತಿಯ ಭೀತಿಯೆಂದು ತಳ್ಳಿಹಾಕುವವರು ಈ ಪ್ರಶ್ನೆಗೆ ಉತ್ತರ ಕೊಟ್ಟವರಲ್ಲ.

ಹಾಗೆಂದು ಬೆಂಕಿಯನ್ನಾರಿಸಿದ ಮಾತ್ರಕ್ಕೆ ಋಣಮುಕ್ತಿಯಾಗದು. ಕಲ್ಲಿದ್ದಲ ಹೊಗೆಯೂ ಮುಂದಿನವರ ಆಕಾಶದಲ್ಲಿಯೇ ಉಳಿಯುತ್ತದೆ, ಕತ್ತಲೆಯಲ್ಲಿ ಬೆಳೆದ ಮಗುವಿಗೂ ನಾವು ಉತ್ತರ ಹೇಳಬೇಕು. ಋಣವನ್ನು ಮಾಡಿದವನೇ ತೀರಿಸಲೆತ್ನಿಸುವುದರಲ್ಲಿ ಧರ್ಮವಿದೆ. ಹೋಮಿ ಭಾಭಾ ರೂಪಿಸಿದ ಮೂರು ಹಂತಗಳ ಯೋಜನೆಯಲ್ಲಿ ಯುರೇನಿಯಂ ಉರಿದ ಮೇಲೆ ಉಳಿದ ಪ್ಲುಟೋನಿಯಮ್ಮೇ ಎರಡನೆಯ ಹಂತದ ಇಂಧನ. ಕೇರಳವೇ ಮೊದಲಾದ ಕರಾವಳಿಯ ಮರಳಿನಲ್ಲಿರುವ ಥೋರಿಯಂ ಮೂರನೆಯದರ ಆಧಾರ. ಮರುಸಂಸ್ಕರಣೆಯಲ್ಲಿ ಮಿಕ್ಕ ತೀವ್ರ ತ್ಯಾಜ್ಯವನ್ನು ಗಾಜಿನಲ್ಲಿ ಬಂಧಿಸಿಡಲಾಗುತ್ತದೆ. ಇಂಧನದ ಮಿತವ್ಯಯಕ್ಕಾಗಿ ಕಲ್ಪಿತವಾದ ಈ ಕ್ರಮ, ವಿಚಾರಿಸಿ ನೋಡಿದರೆ, ಋಣಶೋಧನದ ಕ್ರಮವೂ ಹೌದು. ಎರಡನೆಯ ಹಂತ ತಡವಾದಷ್ಟೂ ಬಡ್ಡಿ ಬೆಳೆಯುತ್ತದೆ. ಇಂಧನವನ್ನು ಸ್ವದೇಶದಲ್ಲಿಯೇ ಅಗೆದು, ಬೂದಿಯನ್ನು ಮಾತ್ರ ಭವಿಷ್ಯಕ್ಕೆ ಸಾಗಹಾಕುವವನನ್ನು ಸ್ವಾವಲಂಬಿಯೆನ್ನುವುದು ಹೇಗೆ? ಆದುದರಿಂದ ಪ್ರತಿಯೊಂದು ಹೊಸ ಸ್ಥಾವರದ ಸಂಕಲ್ಪದೊಡನೆಯೇ ಅದರ ಶೇಷವನ್ನು ಈ ತಲೆಮಾರಿನಲ್ಲಿ ನಿರ್ವಹಿಸುವ ವೆಚ್ಚವನ್ನೂ ವಿದ್ಯುತ್ತಿನ ಬೆಲೆಯಲ್ಲಿ ಸೇರಿಸತಕ್ಕದ್ದು; ಅದರಿಂದ ಬೆಲೆಯೇರಿದರೆ, ಬಳಕೆಯನ್ನು ಇಳಿಸಿಕೊಳ್ಳುವ ಸಂಯಮವೂ ಭೋಗಿಸುವ ನಮ್ಮ ಪಾಲಿಗೇ ಸೇರಿದ್ದು.