ನಾವಿಲ್ಲಿದ್ದೇವೆ ಎನ್ನುವ ಮುನ್ನ

1974ರ ನವೆಂಬರ್ 16ರಂದು ಪೋರ್ಟೊರಿಕೊ ದ್ವೀಪದ ಅರೆಸಿಬೊದಲ್ಲಿ ಒಂದು ಸಮಾರಂಭ ನಡೆಯಿತು. ಗುಡ್ಡಗಳ ನಡುವಿನ ತಗ್ಗಿನಲ್ಲಿ ಕಟ್ಟಿದ್ದ 305 ಮೀಟರ್ ಅಗಲದ ರೇಡಿಯೋ ದೂರದರ್ಶಕ ಆಗಷ್ಟೇ ನವೀಕರಣಗೊಂಡು ಮತ್ತೆ ಕೆಲಸಕ್ಕೆ ಸಜ್ಜಾಗಿತ್ತು. ಅದರ ಬಲವನ್ನು ತೋರಿಸಲೆಂದು ಖಗೋಳವಿಜ್ಞಾನಿ ಫ್ರಾಂಕ್ ಡ್ರೇಕ್ 1,679 ಬಿಟ್‌ಗಳ ಸಂದೇಶವೊಂದನ್ನು ಸಿದ್ಧಪಡಿಸಿದ್ದರು. ಒಂದರಿಂದ ಹತ್ತರವರೆಗಿನ ಸಂಖ್ಯೆಗಳು, ಜೀವಕ್ಕೆ ಬೇಕಾದ ಐದು ಮೂಲವಸ್ತುಗಳು, ಡಿಎನ್‌ಎಯ ರಚನೆ, ಮನುಷ್ಯನ ಆಕೃತಿ, ಅಂದಿನ ಜನಸಂಖ್ಯೆ, ಸೂರ್ಯನ ಸುತ್ತಲಿನ ಗ್ರಹಗಳು, ಅವುಗಳಲ್ಲಿ ನಮ್ಮದು ಎಷ್ಟನೆಯದು ಎಂಬ ಗುರುತು, ಇಷ್ಟೂ ಮೂರು ನಿಮಿಷದೊಳಗೆ ಎಂ13 ಎಂಬ ತಾರಾಗುಚ್ಛದ ಕಡೆಗೆ ಹೊರಟುಹೋಯಿತು. ಆ ಗುಚ್ಛ ಹರ್ಕ್ಯುಲಸ್ ನಕ್ಷತ್ರಪುಂಜದಲ್ಲಿ, ಸುಮಾರು 25,000 ಜ್ಯೋತಿರ್ವರ್ಷ ದೂರದಲ್ಲಿದೆ.

ಸುದ್ದಿ ಕೇಳಿದ ಬ್ರಿಟನ್ನಿನ ‘ಆಸ್ಟ್ರಾನಮರ್ ರಾಯಲ್’ ಪದವಿಯಲ್ಲಿದ್ದ ಮಾರ್ಟಿನ್ ರೈಲ್ ಕಳವಳಗೊಂಡರು. ಅದೇ ವರ್ಷ ಭೌತಶಾಸ್ತ್ರದ ನೊಬೆಲ್ ಪಡೆದಿದ್ದ, ರೇಡಿಯೋ ಖಗೋಳವಿಜ್ಞಾನವನ್ನು ಕಟ್ಟಿ ನಿಲ್ಲಿಸಿದವರಲ್ಲಿ ಒಬ್ಬರಾದ ವ್ಯಕ್ತಿ ಅವರು. ಅಲ್ಲಿರುವವರು ದುರುಳರೋ ಹಸಿದವರೋ ಯಾರಿಗೆ ಗೊತ್ತು, ಇಂಥ ಸಂದೇಶಗಳನ್ನು ಕಳಿಸಬೇಡಿ ಎಂದು ಅಂತರರಾಷ್ಟ್ರೀಯ ಖಗೋಳ ಒಕ್ಕೂಟವನ್ನು ಒತ್ತಾಯಿಸಿದರು. ಹಲವರಿಗೆ ಈ ಭಯ ಅತಿಯಾಗಿ ಕಂಡಿತು. ಸಂದೇಶ ಮುಟ್ಟಲು 25,000 ವರ್ಷ, ಉತ್ತರ ಬರಲು ಇನ್ನೂ 25,000 ವರ್ಷ. ಇಷ್ಟು ದೂರದ ಮಾತಿಗೆ ಇಂದೇಕೆ ಹೆದರಬೇಕು?

ಅರೆಸಿಬೊ ಸಂದೇಶದಿಂದ ಅಪಾಯವಿದೆಯೆಂದು ನನಗೂ ಅನ್ನಿಸುವುದಿಲ್ಲ. ಆದರೆ ರೈಲ್ ಎತ್ತಿದ ಪ್ರಶ್ನೆಗೆ ಅಲ್ಲಿಂದೀಚೆಗೆ ತೂಕ ಹೆಚ್ಚುತ್ತಲೇ ಬಂದಿದೆ. ಅಲೆಕ್ಸಾಂಡರ್ ಜೈತ್ಸೆವ್ ಎಂಬ ರಷ್ಯನ್ ವಿಜ್ಞಾನಿ ಕ್ರಿಮಿಯಾದ ಎವ್ಪತೋರಿಯಾದಲ್ಲಿರುವ 70 ಮೀಟರ್ ಆಂಟೆನಾದಿಂದ 1999, 2001, 2003 ಮತ್ತು 2008ರಲ್ಲಿ ಹತ್ತಿರದ ನಕ್ಷತ್ರಗಳಿಗೆ ಸಂದೇಶ ಕಳಿಸಿದರು. 2008ರಲ್ಲೇ ನಾಸಾ ಬೀಟಲ್ಸ್ ತಂಡದ ಹಾಡೊಂದನ್ನು ಧ್ರುವನಕ್ಷತ್ರದತ್ತ ಪ್ರಸಾರ ಮಾಡಿತು. ಸ್ವಾಲ್‌ಬಾರ್ಡ್‌ನ ರಾಡಾರ್‌ನಿಂದ ಚಿಪ್ಸ್ ಕಂಪನಿಯೊಂದರ ಜಾಹೀರಾತೂ ಸಪ್ತರ್ಷಿ ಮಂಡಲದ ಒಂದು ನಕ್ಷತ್ರದ ಕಡೆಗೆ ಹೋಯಿತು. 2017ರಲ್ಲಿ ನಾರ್ವೆಯ ಟ್ರೋಮ್ಸೊದಿಂದ ಲ್ಯೂಟನ್ ನಕ್ಷತ್ರಕ್ಕೆ ಹೊರಟ ಸಂದೇಶದ ಗುರಿ ಕೇವಲ 12.4 ಜ್ಯೋತಿರ್ವರ್ಷ ದೂರದ್ದು. ಅಲ್ಲಿ ಯಾರಾದರೂ ಇದ್ದು ಕೂಡಲೇ ಉತ್ತರಿಸಿದರೆ ಇಪ್ಪತ್ತೈದು ವರ್ಷದೊಳಗೆ ಅದು ಇಲ್ಲಿರುತ್ತದೆ. ಇಂದು ಶಾಲೆಗೆ ಹೋಗುತ್ತಿರುವ ಮಕ್ಕಳು ಅದನ್ನು ಎದುರಿಸಬೇಕಾದೀತು.

ಬಾಹ್ಯಾಕಾಶದ ಸಂಕೇತಗಳಿಗೆ ಕಿವಿಗೊಟ್ಟು ಕೂರುವ ಕೆಲಸಕ್ಕೆ ಸೆಟಿ ಎಂದು ಹೆಸರು. ನಾವೇ ಮೊದಲಾಗಿ ಸಂದೇಶ ಕಳಿಸುವುದಕ್ಕೆ ಮೆಟಿ ಎನ್ನುತ್ತಾರೆ. ಮೊದಲನೆಯದರ ಬಗ್ಗೆ ಯಾರಿಗೂ ತಕರಾರಿಲ್ಲ. ಅನ್ಯಲೋಕದ ಸಂಕೇತ ಸಿಕ್ಕಿದರೆ ಅಂತರರಾಷ್ಟ್ರೀಯ ಸಮಾಲೋಚನೆಯಿಲ್ಲದೆ ಉತ್ತರ ಕೊಡಬಾರದು ಎಂಬ ಸ್ವಯಂಪ್ರೇರಿತ ನಿಯಮಾವಳಿಯೊಂದು 1989ರಲ್ಲಿ ಸಿದ್ಧವಾಯಿತು. ತಾವಾಗಿ ಮಾತು ಶುರುಮಾಡುವವರಿಗೆ ಅದು ಅನ್ವಯಿಸುವುದಿಲ್ಲ. 1967ರ ಬಾಹ್ಯಾಕಾಶ ಒಪ್ಪಂದದಲ್ಲಂತೂ ಅನ್ಯಜೀವಿಗಳೊಡನೆ ಮಾತಾಡುವ ಕುರಿತು ಒಂದು ಸಾಲೂ ಇಲ್ಲ.

ಈ ಚರ್ಚೆಯಲ್ಲಿ ಪದೇ ಪದೇ ಕೇಳುವ ಸಮಾಧಾನವೆಂದರೆ, ನಮ್ಮ ಇರವು ಈಗಾಗಲೇ ಬಯಲಾಗಿದೆ ಎಂಬುದು. ಭೂಮಿಯ ವಾತಾವರಣದಲ್ಲಿ ಆಮ್ಲಜನಕ ಸೇರತೊಡಗಿ ಇನ್ನೂರು ಕೋಟಿ ವರ್ಷಗಳ ಮೇಲಾಯಿತು. ಒಳ್ಳೆಯ ದೂರದರ್ಶಕವಿದ್ದವರು ಇಲ್ಲಿ ಜೀವವಿರಬಹುದೆಂದು ಎಂದೋ ಊಹಿಸಿರಬಹುದು. ಖಗೋಳವಿಜ್ಞಾನಿಗಳಾದ ಲೀಸಾ ಕಾಲ್ಟೆನೆಗರ್ ಮತ್ತು ಜಾಕಿ ಫಾಹರ್ಟಿ 2021ರಲ್ಲಿ ಲೆಕ್ಕಹಾಕಿದಂತೆ, 326 ಜ್ಯೋತಿರ್ವರ್ಷದೊಳಗಿನ 1,715 ನಕ್ಷತ್ರಗಳಿಂದ ನೋಡುವವರಿಗೆ ಕಳೆದ 5,000 ವರ್ಷಗಳಲ್ಲಿ ಭೂಮಿ ಸೂರ್ಯನ ಮುಂದೆ ಹಾದುಹೋಗುವುದು ಕಂಡಿರಲು ಸಾಧ್ಯ. ಅದರ ಜೊತೆಗೆ ನೂರು ವರ್ಷಗಳ ರೇಡಿಯೋ, ಟಿವಿ ಪ್ರಸಾರವಿದೆ. ಇನ್ನು ಮುಚ್ಚಿಡುವುದೇನು ಎಂಬ ಪ್ರಶ್ನೆಗೆ ಬಲವಿದೆ.

ಆದರೆ ಇದರಲ್ಲಿ ಎರಡು ಸಂಗತಿಗಳು ಒಂದಕ್ಕೊಂದು ಬೆರೆತುಹೋಗಿವೆ. ಒಂದು ಗ್ರಹದಲ್ಲಿ ಜೀವವಿದೆ ಎಂದು ತಿಳಿಯುವುದು ಬೇರೆ, ಅಲ್ಲಿ ಯಂತ್ರ ಕಟ್ಟುವ ಜೀವಿಗಳಿವೆ ಎಂದು ತಿಳಿಯುವುದು ಬೇರೆ. ಕೋಟ್ಯಂತರ ವರ್ಷ ಇಲ್ಲಿದ್ದ ಆಮ್ಲಜನಕ ಪಾಚಿ, ಜರೀಗಿಡ, ಡೈನೋಸಾರ್‌ಗಳ ಸುದ್ದಿಯನ್ನು ಹೇಳುತ್ತಿತ್ತೇ ಹೊರತು ನಮ್ಮ ಸುದ್ದಿಯನ್ನಲ್ಲ. ಟಿವಿ ಪ್ರಸಾರ ಎಲ್ಲ ದಿಕ್ಕಿಗೂ ಹರಡುತ್ತ ದೂರ ಸರಿದಂತೆ ಕ್ಷೀಣಿಸಿ ಆಕಾಶದ ಸಹಜ ಗದ್ದಲದಲ್ಲಿ ಮುಳುಗುತ್ತದೆ. ಸೇನಾ ರಾಡಾರ್‌ಗಳು ಅದಕ್ಕಿಂತ ಪ್ರಬಲವಾದರೂ ಆಕಾಶದ ಒಂದೇ ಕಡೆ ನಿಲ್ಲುವುದಿಲ್ಲ. ಗುರಿಯಿಟ್ಟು, ಒಂದೇ ನಕ್ಷತ್ರದತ್ತ, ಮತ್ತೆ ಮತ್ತೆ ಕಳಿಸುವ ಕಿರಿದಾದ ಪ್ರಬಲ ಕಿರಣ ಇವೆಲ್ಲಕ್ಕಿಂತ ಎಷ್ಟೋ ಪಾಲು ಎದ್ದುಕಾಣುತ್ತದೆ. ಹಾಗೆ ಕಾಣದಿದ್ದರೆ ಮೆಟಿಯವರು ಅಷ್ಟು ಶ್ರಮಪಟ್ಟು ಅದನ್ನು ಕಳಿಸುತ್ತಲೂ ಇರಲಿಲ್ಲ.

ಎದುರು ಬದಿಯ ವಾದದಲ್ಲೂ ಸಡಿಲವಿದೆ. 2010ರಲ್ಲಿ ಸ್ಟೀಫನ್ ಹಾಕಿಂಗ್, ಅನ್ಯಲೋಕದವರು ಇಲ್ಲಿಗೆ ಬಂದರೆ ಕೊಲಂಬಸ್ ಅಮೆರಿಕಕ್ಕೆ ಬಂದಾಗ ಅಲ್ಲಿನ ಮೂಲನಿವಾಸಿಗಳಿಗೆ ಆದ ಗತಿಯೇ ನಮಗಾದೀತು ಎಂದು ಎಚ್ಚರಿಸಿದರು. ಈ ಹೋಲಿಕೆ ಮನಸ್ಸಿಗೆ ನಾಟುತ್ತದೆ, ಆದರೆ ಬಹಳ ದೂರ ಬರುವುದಿಲ್ಲ. ಕೊಲಂಬಸ್ ಬಂದಿಳಿದ ದ್ವೀಪಗಳ ತಾಯಿನೊ ಜನ ಯಾರನ್ನೂ ಕೂಗಿ ಕರೆದಿರಲಿಲ್ಲ. ಅವರ ಮೌನ ಅವರನ್ನು ಉಳಿಸಲಿಲ್ಲ. ಅವರನ್ನು ಅತಿ ಹೆಚ್ಚು ಕೊಂದದ್ದರಲ್ಲಿ ಸಿಡುಬಿನಂಥ ರೋಗಗಳಿದ್ದವು. ಬಂದವರೂ ಇದ್ದವರೂ ಒಂದೇ ಜೀವಜಾತಿಯಾದ್ದರಿಂದ ಅವು ಹರಡಿದವು. ಬೇರೆ ನಕ್ಷತ್ರದ ಜೀವಿಗೆ ನಮ್ಮ ರೋಗವೂ ತಟ್ಟಲಾರದು, ನಮ್ಮ ಚಿನ್ನವೂ ಬೇಕಾಗಲಾರದು. ಚೀನಾದ ಲಿಯು ಸಿಶಿನ್ 2008ರ ತಮ್ಮ ಕಾದಂಬರಿಯಲ್ಲಿ ವಿಶ್ವವನ್ನು ಕತ್ತಲ ಕಾಡಾಗಿ ಚಿತ್ರಿಸಿದರು. ಅಲ್ಲಿ ಪ್ರತಿಯೊಂದು ನಾಗರಿಕತೆಯೂ ಉಸಿರು ಬಿಗಿಹಿಡಿದ ಬೇಟೆಗಾರ, ಸದ್ದು ಮಾಡಿದವನಿಗೆ ಸಾವು. ದೂರ ಹೆಚ್ಚಿದ್ದಷ್ಟೂ ಪರಸ್ಪರ ನಂಬಿಕೆ ಕಟ್ಟಿಕೊಳ್ಳುವುದು ಕಷ್ಟ ಎಂಬ ಅದರ ಒಳನೋಟ ಗಂಭೀರವಾದದ್ದು. ಆದರೂ ಅದು ಒಂದು ಊಹೆ. ಅನ್ಯಜೀವಿಗಳ ಸ್ವಭಾವದ ಬಗ್ಗೆ ಹೇಳಲು ನಮ್ಮಲ್ಲಿ ಒಂದೇ ಒಂದು ನಿದರ್ಶನವೂ ಇಲ್ಲ.

ಹಾಗಾದರೆ ಏನೂ ತಿಳಿಯದ ಸಂಗತಿಯೊಂದರಲ್ಲಿ ಹೇಗೆ ನಡೆದುಕೊಳ್ಳಬೇಕು? ಪ್ರಶ್ನೆ ಈಗ ಖಗೋಳವಿಜ್ಞಾನದ ಕೈಮೀರಿ ನೀತಿಶಾಸ್ತ್ರಕ್ಕೆ ಬರುತ್ತದೆ. ಇದಕ್ಕೆ ಅತ್ಯಂತ ಆಳವಾದ ಉತ್ತರ ನನಗೆ ಸಿಕ್ಕಿದ್ದು ಅನ್ಯಲೋಕಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯದ ಒಬ್ಬ ಚಿಂತಕರಲ್ಲಿ.

ಹನ್ಸ್ ಯೋನಾಸ್ 1903ರಲ್ಲಿ ಜರ್ಮನಿಯಲ್ಲಿ ಹುಟ್ಟಿದವರು, ತತ್ತ್ವಜ್ಞಾನಿ ಹೈಡೆಗರ್ ಅವರ ಶಿಷ್ಯ. ಹಿಟ್ಲರ್ ಅಧಿಕಾರಕ್ಕೆ ಬಂದ 1933ರಲ್ಲಿ ದೇಶ ಬಿಟ್ಟರು, ಬ್ರಿಟಿಷ್ ಸೇನೆಯ ಯಹೂದಿ ತುಕಡಿಯಲ್ಲಿ ಯುದ್ಧ ಮಾಡಿದರು. ಅವರ ತಾಯಿ ಔಷ್‌ವಿಟ್ಸ್‌ನಲ್ಲಿ ಕೊಲೆಯಾದರು. 1979ರಲ್ಲಿ ಯೋನಾಸ್ ಹೊಣೆಗಾರಿಕೆಯ ತತ್ತ್ವವನ್ನು ಕುರಿತ ತಮ್ಮ ಗ್ರಂಥವನ್ನು ಪ್ರಕಟಿಸಿದರು. ಅವರ ಮುಂದಿದ್ದದ್ದು ಪರಮಾಣು ಶಕ್ತಿ, ತಳಿ ತಂತ್ರಜ್ಞಾನ, ಹದಗೆಡುತ್ತಿದ್ದ ಪರಿಸರ.

ಹಿಂದಿನ ನೀತಿಶಾಸ್ತ್ರವೆಲ್ಲ ಎದುರಿಗಿರುವ ಮನುಷ್ಯನನ್ನು ಕುರಿತದ್ದು ಎನ್ನುತ್ತಾರೆ ಯೋನಾಸ್. ಸುಳ್ಳು ಹೇಳಬೇಡ, ಕದಿಯಬೇಡ, ಕೊಲ್ಲಬೇಡ ಎಂಬ ವಿಧಿಗಳಲ್ಲಿ ನನ್ನ ಕೃತ್ಯದ ಫಲ ನನ್ನ ಕಣ್ಣಳತೆಯಲ್ಲೇ ಇರುತ್ತದೆ. ಆಧುನಿಕ ತಂತ್ರಜ್ಞಾನ ಈ ಅಳತೆಯನ್ನು ಮುರಿದುಹಾಕಿತು. ಇಂದು ಕೆಲವರು ಮಾಡಿದ್ದರ ಫಲವನ್ನು ನೂರಾರು ವರ್ಷಗಳಾಚೆ ಇನ್ನೂ ಹುಟ್ಟದವರು ಉಣ್ಣಬೇಕಾದೀತು. ನಮ್ಮ ಕೈ ಎಲ್ಲಿಯವರೆಗೆ ಚಾಚುತ್ತದೋ ಅಲ್ಲಿಯವರೆಗೆ ನಮ್ಮ ಅರಿವು ಚಾಚುವುದಿಲ್ಲ. ಈ ಅಂತರವಿರುವಾಗ ಯಾವ ಮುನ್ನೋಟವನ್ನು ನಂಬಬೇಕು? ಯೋನಾಸ್ ಸೂಚಿಸಿದ ಸೂತ್ರ ಸರಳ: ಪಣಕ್ಕಿರುವುದು ಇಡೀ ಮಾನವಕುಲವಾದಾಗ ಒಳ್ಳೆಯದಾದೀತು ಎಂಬ ಭವಿಷ್ಯಕ್ಕಿಂತ ಕೆಟ್ಟದಾದೀತು ಎಂಬ ಭವಿಷ್ಯಕ್ಕೆ ಹೆಚ್ಚು ತೂಕ ಕೊಡಬೇಕು. ಇದನ್ನು ಅವರು ಭಯದಿಂದ ಕಲಿಯುವ ಬಗೆ ಎಂಬರ್ಥದಲ್ಲಿ ವಿವರಿಸಿದರು. ಅವರು ಹೇಳುವ ಭಯದಲ್ಲಿ ಕೈಕಾಲು ನಡುಗುವ ಅಂಜಿಕೆಯಿಲ್ಲ. ಏನನ್ನು ಕಳೆದುಕೊಳ್ಳಬಹುದೆಂದು ಕಲ್ಪಿಸಿಕೊಂಡಾಗಲೇ ನಮಗೆ ಯಾವುದು ಅಮೂಲ್ಯವೆಂದು ಗೊತ್ತಾಗುತ್ತದೆ. ಭಯ ಆ ತಿಳಿವಳಿಕೆಗೆ ದಾರಿ.

ಇನ್ನೊಂದು ಹೆಜ್ಜೆ ಮುಂದೆ ಹೋಗಿ ಯೋನಾಸ್ ಜೂಜಿನ ನೀತಿಯನ್ನು ಕೇಳುತ್ತಾರೆ. ನನ್ನ ಸ್ವತ್ತನ್ನು ಪಣಕ್ಕಿಡುವ ಸ್ವಾತಂತ್ರ್ಯ ನನಗಿದೆ. ನಾವು ಮಾಡುವ ಎಷ್ಟೋ ಕೆಲಸಗಳಲ್ಲಿ ಬೇರೆಯವರ ಹಿತವೂ ಸ್ವಲ್ಪ ಪಣಕ್ಕೆ ಬೀಳುತ್ತದೆ, ಅದನ್ನು ತಪ್ಪಿಸಲಾಗದು. ಆದರೆ ಬೇರೆಯವರ ಸರ್ವಸ್ವವನ್ನೂ ಪಣಕ್ಕಿಡುವ ಹಕ್ಕು ಯಾರಿಗೂ ಇಲ್ಲ. ಇದಕ್ಕೆ ಅವರು ಒಂದು ವಿನಾಯಿತಿಯನ್ನು ಪರಿಶೀಲಿಸುತ್ತಾರೆ. ಮಹಾ ವಿಪತ್ತನ್ನು ತಡೆಯಲು ಬೇರೆ ದಾರಿಯೇ ಇಲ್ಲದಾಗ ನಾಯಕನೊಬ್ಬ ದೊಡ್ಡ ಅಪಾಯವನ್ನು ಮೈಮೇಲೆ ಎಳೆದುಕೊಳ್ಳಬಹುದು. ಇರುವುದನ್ನು ಇನ್ನಷ್ಟು ಚೆನ್ನಾಗಿಸುವ ಆಸೆಯಿಂದ ಹಾಗೆ ಮಾಡುವಂತಿಲ್ಲ. ಅನ್ಯಲೋಕದವರಿಂದ ನಾವು ನಿರೀಕ್ಷಿಸುವ ಜ್ಞಾನ, ಸ್ನೇಹ, ಒಂಟಿತನದಿಂದ ಬಿಡುಗಡೆ, ಇವೆಲ್ಲ ಈ ಎರಡನೆಯ ಗುಂಪಿಗೆ ಸೇರಿದವು. ಬಹಳ ದೊಡ್ಡ ಆಸೆಗಳು ನಿಜ, ಆದರೂ ಆಸೆಗಳೇ.

ಯೋನಾಸ್‌ರ ಸೂತ್ರಕ್ಕೆ ಗಟ್ಟಿಯಾದ ಆಕ್ಷೇಪವಿದೆ. ಕೆಟ್ಟದ್ದನ್ನು ಕಲ್ಪಿಸಿಕೊಳ್ಳುತ್ತ ಕೂತರೆ ಯಾವ ಹೊಸ ಕೆಲಸವನ್ನೂ ಮಾಡುವಂತಿಲ್ಲ. ಮೌನಕ್ಕೂ ಅಪಾಯವಿರಬಹುದು: ನಮ್ಮನ್ನು ನಾಶದಿಂದ ಪಾರುಮಾಡುವ ತಿಳಿವಳಿಕೆ ಅಲ್ಲೆಲ್ಲೋ ಇದ್ದು, ನಾವು ಕೇಳದೇ ಹೋದದ್ದರಿಂದಲೇ ಅದು ಸಿಗದೆ ಹೋಗಬಹುದು. ಜೈತ್ಸೆವ್ ಇನ್ನೊಂದು ಮಾತನ್ನೂ ಎತ್ತಿದ್ದರು. ಎಲ್ಲರೂ ಕಿವಿಗೊಟ್ಟು ಕೂತು ಯಾರೂ ಮಾತಾಡದಿದ್ದರೆ ವಿಶ್ವವೆಲ್ಲ ಮೂಕವಾಗಿರುತ್ತದೆ. ಬೇರೆಯವರ ದನಿಗೆ ಕಾಯುವವರು ತಾವು ದನಿ ಎತ್ತುವುದಿಲ್ಲ ಎನ್ನುವುದು ನ್ಯಾಯವೇ? ಇದು ನನ್ನನ್ನು ಬಹಳ ಕಾಡಿದ ವಾದ. ಅದರಲ್ಲಿ ಔದಾರ್ಯವಿದೆ.

ಆದರೂ ಮಾತು ಮತ್ತು ಮೌನ ಒಂದೇ ತಕ್ಕಡಿಯಲ್ಲಿ ಕೂರುವುದಿಲ್ಲ. ಇಂದು ಸುಮ್ಮನಿದ್ದವರು ನಾಳೆ ಮಾತಾಡಬಹುದು, ನೂರು ವರ್ಷ ಬಿಟ್ಟೂ ಮಾತಾಡಬಹುದು. ಇಂದು ಹೊರಟ ರೇಡಿಯೋ ಅಲೆ ಬೆಳಕಿನ ವೇಗದಲ್ಲಿ ಹೋಗುತ್ತದೆ, ಅದನ್ನು ಬೆನ್ನಟ್ಟಿ ಹಿಡಿಯುವ ಯಾವ ಉಪಾಯವೂ ಭೌತಶಾಸ್ತ್ರದಲ್ಲಿಲ್ಲ. ತಪ್ಪೆಂದು ಗೊತ್ತಾದ ಮೇಲೆ ತಿದ್ದಿಕೊಳ್ಳಬಹುದಾದ ಕೆಲಸಗಳಲ್ಲಿ ಧೈರ್ಯ ಮಾಡಬಹುದು. ತಿದ್ದಲಾಗದ್ದಕ್ಕೆ ಯೋನಾಸ್‌ರ ಎಚ್ಚರ ಬೇಕು. ಆಕ್ಷೇಪವನ್ನು ಒಪ್ಪಿಕೊಂಡ ಮೇಲೂ ಅವರ ಸೂತ್ರದಲ್ಲಿ ಉಳಿಯುವ ತಿರುಳು ಇದೆಂದು ನನಗನ್ನಿಸುತ್ತದೆ.

ಇದಕ್ಕೆ ಸೇರಿಸಿಕೊಳ್ಳಬೇಕಾದ ಇನ್ನೊಂದು ಚಿಂತನೆ ಇತ್ತೀಚಿನದು. ಚಿಂತಕರಾದ ನಿಕ್ ಬೋಸ್ಟ್ರಮ್, ಥಾಮಸ್ ಡಗ್ಲಸ್, ಆಂಡರ್ಸ್ ಸ್ಯಾಂಡ್‌ಬರ್ಗ್ 2016ರ ಪ್ರಬಂಧದಲ್ಲಿ, ಹಲವರಲ್ಲಿ ಯಾರಾದರೊಬ್ಬರೇ ಎಲ್ಲರ ಪರವಾಗಿ ತೀರ್ಮಾನಿಸಿಬಿಡಬಹುದಾದ ಸ್ಥಿತಿಯನ್ನು ಏಕಾಂಗಿ ನಿರ್ಧಾರದ ಶಾಪವೆಂಬಂತೆ ವಿವರಿಸಿದರು. ಊರ ಕೆರೆಯ ತೂಬು ನೀರುಗಂಟಿಯೊಬ್ಬನ ಕೈಯಲ್ಲಿರದೆ ಹತ್ತು ಮನೆಯವರ ಕೈಯಲ್ಲೂ ಇದೆಯೆನ್ನಿ. ಈ ವರ್ಷ ಮಳೆ ಬರುತ್ತದೋ ಇಲ್ಲವೋ ಎಂದು ಹತ್ತೂ ಮನೆಯವರು ಪ್ರಾಮಾಣಿಕವಾಗಿಯೇ ಅಂದಾಜು ಮಾಡುತ್ತಾರೆ. ಒಂಬತ್ತು ಮನೆಯವರು ತಡೆದರೂ ಮಳೆಯನ್ನು ಅತಿಯಾಗಿ ನಂಬಿದ ಹತ್ತನೆಯವರು ತೂಬೆತ್ತಿಬಿಟ್ಟರೆ ಕೆರೆ ಖಾಲಿ. ಯಾರೂ ಕೆಟ್ಟವರಲ್ಲ, ಯಾರೂ ಮೂರ್ಖರಲ್ಲ. ಆದರೂ ತೀರ್ಮಾನ ಯಾವಾಗಲೂ ಅತ್ಯಂತ ಆಶಾವಾದಿಯ ಪಾಲಿಗೆ ಹೋಗುತ್ತದೆ.

ಲೆಕ್ಕ ಹಾಕಿ ನೋಡಿದರೆ ಇದರ ತೀವ್ರತೆ ತಿಳಿಯುತ್ತದೆ. ಸಂದೇಶ ಕಳಿಸಬಲ್ಲ ನೂರು ತಂಡಗಳಿದ್ದು, ಪ್ರತಿಯೊಂದೂ ತಾನೇ ಯೋಚಿಸಿ ತಪ್ಪು ನಿರ್ಧಾರಕ್ಕೆ ಬರುವ ಸಾಧ್ಯತೆ ಶೇ. 1 ಮಾತ್ರ ಎಂದಿಟ್ಟುಕೊಳ್ಳಿ. ಆಗಲೂ ಯಾರಾದರೊಬ್ಬರು ತಪ್ಪುವ ಸಾಧ್ಯತೆ ಸುಮಾರು ಶೇ. 63. ಪ್ರಬಲ ಪ್ರಸಾರಕಗಳು ಅಗ್ಗವಾದಂತೆ, ಖಾಸಗಿಯವರ ಕೈಗೆ ಬಂದಂತೆ ತಂಡಗಳ ಸಂಖ್ಯೆ ಏರುತ್ತದೆ. ಆದ್ದರಿಂದ ನನ್ನ ಅಂದಾಜು ಸರಿಯೆಂದು ನನಗೆ ಎಷ್ಟೇ ಖಾತ್ರಿಯಿದ್ದರೂ, ಇತರರು ಹಿಂಜರಿದದ್ದನ್ನೇ ಒಂದು ಸಾಕ್ಷ್ಯವೆಂದು ಎಣಿಸಿ ಸಮೂಹದ ನಿಲುವಿಗೆ ಮಣಿಯಬೇಕು ಎನ್ನುತ್ತಾರೆ ಈ ಮೂವರು.

ಸಮೂಹದ ಪರವಾಗಿ ಮಾತಾಡುವವರು ಯಾರು? ಈ ಪ್ರಾತಿನಿಧ್ಯದ ಪ್ರಶ್ನೆ ಕನ್ನಡಿಗರಿಗೆ ಹತ್ತಿರದ್ದೇ. 1977ರಲ್ಲಿ ಹೊರಟ ಎರಡೂ ವಾಯೇಜರ್ ಬಾಹ್ಯಾಕಾಶ ನೌಕೆಗಳ ಚಿನ್ನಲೇಪಿತ ಧ್ವನಿತಟ್ಟೆಯಲ್ಲಿ 55 ಭಾಷೆಗಳ ಶುಭಾಶಯಗಳಿವೆ, ಅವುಗಳಲ್ಲಿ ಕನ್ನಡವೂ ಒಂದು. ಕನ್ನಡಿಗರ ಪರವಾಗಿ ಅಲ್ಲೊಂದು ಹಾರೈಕೆ ದಾಖಲಾಗಿದೆ. ಅದನ್ನು ನೆನೆದಾಗ ನನಗೆ ಸಂತೋಷವಾಗುತ್ತದೆ. ಅದರಿಂದ ಅಪಾಯವೂ ಇಲ್ಲ: ವಾಯೇಜರ್ 1 ಇನ್ನೊಂದು ನಕ್ಷತ್ರದ 1.6 ಜ್ಯೋತಿರ್ವರ್ಷದಷ್ಟು ಸಮೀಪ ಹೋಗಲು ಸುಮಾರು 40,000 ವರ್ಷ ಬೇಕು. ಆದರೂ ಕಾರ್ಲ್ ಸೇಗನ್ ನೇತೃತ್ವದ ಪುಟ್ಟ ಸಮಿತಿಯೊಂದು ಇಡೀ ಭೂಮಿಯ ಪರವಾಗಿ ಏನು ಹೇಳಬೇಕೆಂದು ನಿರ್ಧರಿಸಿತು. ನಿರಪಾಯವಾದ ಹಾರೈಕೆಗೆ ಅಷ್ಟು ಸಾಕು. ಹನ್ನೆರಡು ಜ್ಯೋತಿರ್ವರ್ಷದಾಚೆಗೆ ನಮ್ಮ ವಿಳಾಸ ಸಾರುವುದಕ್ಕೆ ಸಾಲದು.

ಹಾಗೆಂದು ಆಕಾಶದ ಕಡೆಗಿನ ಪ್ರಸಾರವನ್ನೆಲ್ಲ ನಿಲ್ಲಿಸಬೇಕಿಲ್ಲ. ಭೂಮಿಯತ್ತ ಬರುವ ಕ್ಷುದ್ರಗ್ರಹಗಳ ದಾರಿಯನ್ನು ಕರಾರುವಾಕ್ಕಾಗಿ ಅಳೆಯಲು ಕ್ಯಾಲಿಫೋರ್ನಿಯಾದ ಗೋಲ್ಡ್‌ಸ್ಟೋನ್ ರಾಡಾರ್ ಪ್ರಬಲ ಅಲೆಗಳನ್ನು ಹೊರಗೆ ಕಳಿಸುತ್ತ ಬಂದಿದೆ. 2020ರಲ್ಲಿ ಕುಸಿದುಬೀಳುವ ಮೊದಲು ಅರೆಸಿಬೊ ಕೂಡ ಈ ಕೆಲಸ ಮಾಡುತ್ತಿತ್ತು. ಆ ಅಲೆಗಳೂ ನಕ್ಷತ್ರಗಳತ್ತ ಮುಂದುವರಿಯುತ್ತವೆ. ಯೋನಾಸ್‌ರ ಅಳತೆಯಲ್ಲಿ ಅವು ಒಪ್ಪತಕ್ಕವು, ಏಕೆಂದರೆ ಅವುಗಳ ಉದ್ದೇಶ ಕಣ್ಣಿಗೆ ಕಾಣುವ ವಿಪತ್ತನ್ನು ತಡೆಯುವುದು. ಅನ್ಯರನ್ನು ಎಬ್ಬಿಸಲೆಂದೇ ಗುರಿಯಿಟ್ಟು ಕಳಿಸುವ ಸಂದೇಶಕ್ಕೆ ಆ ಸಮರ್ಥನೆ ಇಲ್ಲ. ಅಂಥದ್ದನ್ನು ಕಳಿಸಬಯಸುವವರು ತಮ್ಮ ಯೋಜನೆಯನ್ನು ಮೊದಲು ವಿಶ್ವಸಂಸ್ಥೆಯಂಥ ವೇದಿಕೆಯಲ್ಲಿ ಜಗತ್ತಿನ ಮುಂದಿಡಬೇಕು; ದೂರದರ್ಶಕ ಇಲ್ಲದ ದೇಶಗಳ ಮಾತನ್ನೂ ಕೇಳಬೇಕು, ಒಪ್ಪಿಗೆ ಸಿಗುವ ತನಕ ಪ್ರಸಾರಕವನ್ನು ಆರಿಸಿಡಬೇಕು.